ಊರೊಟ್ಟಿನ ಸಿಸ್ಟಮ್ಮು

ಹೋದ ಸಲ ಹುಣಸೇ ತೊಕ್ಕಿನ ವಿಷ್ಯ ಬರ್ದಿದ್ನಲ್ಲ, ಅದನ್ನ ಓದಿ ಚಿಕ್ಕಮ್ಮ ಫೋನ್ ಮಾಡಿದ್ರು. ತೊಕ್ಕಿನ ವಿಷ್ಯ ಒಂದ್ ಮಾತೂ ಇಲ್ಲ. "ಇಷ್ಟುದ್ದ ಕನ್ನಡ ಕುಟ್ತೀಯಲ್ಲೇ, ಅದ್ಯಾವ ಕಂಪ್ಯೂಟ್ರು? ನಮ್ ಹುಡುಗ್ರು ಕನ್ನಡ ಹೊಡೆಯೋಕೇ ಬರಲ್ಲ ಅಂತವೆ" ಅಂದ್ರು. ಮೇಲಿನ ಬೀದಿ ಅಕ್ಕಾರೂ ಇದನ್ನೇ ಕೇಳಿದ್ರು. ಅದ್ಕೆ ಈ ಸಲ ಅಡುಗೆ ಬಿಟ್ಟು ನಮ್ಮನೆ ಲ್ಯಾಪ್ಟಾಪಿನ ವಿಷ್ಯ ಬರೀತೀನಿ. ಬೇಜಾರಾಗುತ್ತೆ ಅಂತ ಹೆದರ್ಕೋಬೇಡಿ. ಇದ್ರಲ್ಲಿ ಜಗಳ ಐತೆ, ಪಾಲು ಐತೆ, ವೋಟೂ ಐತೆ.

ಲ್ಯಾಪ್ಟಾಪು ಭಾವನೋರ ಮಗ ತುಮಕೂರಲ್ಲಿ ಇಂಜಿನಿಯರಿಂಗ್ ಓದುವಾಗ ತಗೊಂಡಿದ್ದು. ಅವ್ನು ಬೆಂಗ್ಳೂರಲ್ಲಿ ಕೆಲ್ಸಕ್ಕೆ ಸೇರಿ ಹೊಸದು ತಗೊಂಡ ಮೇಲೆ ಇದು ಅಟ್ಟ ಹತ್ತಿತ್ತು. ನಮ್ಮ ಸಂಘದ ಲೆಕ್ಕ, ನಡಾವಳಿ ಎಲ್ಲಾ ಬರೆಯೋಳು ನಾನು. 18 ಜನದ ಉಳಿತಾಯ, ಸಾಲ, ಬಡ್ಡಿ ಕೂಡಿ ಕಳೆಯೋದ್ರಲ್ಲಿ ಭಾನುವಾರ ಪೂರ್ತಿ ಹೋಗೋದು. 2022ರ ಬೇಸಿಗೇಲಿ ಅದನ್ನ ಅಟ್ಟದಿಂದ ಇಳಿಸಿ ಆನ್ ಮಾಡಿದ್ರೆ, ಅನ್ನಕ್ಕಿಟ್ಟು ಒತ್ತಿದ್ದು, ಅನ್ನ ಬಸಿದು ಬಂದ್ರೂ ಪರದೆ ಮೇಲೆ ಉಂಗುರ ತಿರುಗ್ತಾನೇ ಇತ್ತು. ಭಾವನೋರು "ಗುಜರಿಗೆ ಹಾಕಮ್ಮ, ನಲವತ್ತು ಸಾವ್ರ ಬಿಸಾಕಿದ್ರೆ ಹೊಸದು ಬರುತ್ತೆ" ಅಂದ್ರು. ನಲವತ್ತು ಸಾವ್ರ ಬಿಸಾಕೋಕೆ ಈ ಸಲ ಕೊಬ್ಬರಿ ರೇಟು ಏನಿತ್ತು ಅಂತ ಅವ್ರಿಗೂ ಗೊತ್ತು. ಹುಡುಗ ಮಾತ್ರ "ಚಿಕ್ಕಮ್ಮ, ಮಿಷನ್ ಚೆನ್ನಾಗೇ ಐತೆ, ಒಳಗಿರೋ ಸಿಸ್ಟಮ್ ಬದಲಾಯಿಸಿದ್ರೆ ಓಡುತ್ತೆ. ಡೆಬಿಯನ್ ಹಾಕೋಣ" ಅಂತ ಒಂದು ಪೆನ್‌ಡ್ರೈವ್ ಕೊಟ್ಟೋದ.

ಡೆಬಿಯನ್ ಅಂದ್ರೆ ಅಂಗಡೀಲಿ ಮಾರೋ ಸಾಮಾನಲ್ಲ. ಇಯಾನ್ ಮರ್ಡಾಕ್ ಅನ್ನೋ ಹುಡುಗ ಕಾಲೇಜಲ್ಲಿ ಓದ್ತಾ ಇರುವಾಗ, 1993ರ ಆಗಸ್ಟಲ್ಲಿ ಶುರು ಮಾಡಿದ್ದು. ಅವನ ಗೆಳತಿ ಡೆಬ್ರಾ, ಅವ್ನು ಇಯಾನ್, ಎರಡೂ ಸೇರಿ ಡೆಬಿಯನ್. ಆಮೇಲೆ ಅವರಿಬ್ಬರಿಗೂ ಮದ್ವೆಯಾಯ್ತು. ಹೆಣ್ಣಿನ ಹೆಸ್ರು ಮುಂದಿಟ್ಟವ್ನೆ ನೋಡಿ, ಅದೊಂದು ನಂಗೆ ಮೊದ್ಲೇ ಹಿಡಿಸ್ತು. ಇದ್ಕೆ ಯಜಮಾನ ಇಲ್ಲ. ದೇಶ ದೇಶದಲ್ಲಿ ಇರೋ ಸುಮಾರು ಸಾವಿರ ಜನ ಸದಸ್ಯರು, ಅವ್ರ ಜೊತೆ ಇನ್ನೂ ಎಷ್ಟೋ ಜನ, ಕೂಲಿ ಇಲ್ದೆ ಮಾಡೋ ಊರೊಟ್ಟಿನ ಕೆಲ್ಸ. ನಮ್ಮಲ್ಲಿ ಕೆರೆ ತೂಬು ರಿಪೇರಿಗೆ ಮನೆಗೊಂದಾಳು ಹೋಗ್ತಿದ್ರಲ್ಲ, ಹಂಗೆ. ಒಂದೊಂದು ಆವೃತ್ತಿಗೂ ಟಾಯ್ ಸ್ಟೋರಿ ಸಿನಿಮಾದ ಗೊಂಬೆಗಳ ಹೆಸ್ರಿಡ್ತಾರೆ. ಆಗ ನಡೀತಿದ್ದದ್ದು 11ನೇದು, ಬುಲ್ಸ್‌ಐ ಅಂತ ಕುದುರೆ ಗೊಂಬೆ.

ಕುದುರೇನ ಒಳಗೆ ಬಿಟ್ವಿ. ಕನ್ನಡ ಅಂತ ಆರಿಸ್ಕೊಂಡ್ರೆ ಪ್ರಶ್ನೆಗಳೂ ಕನ್ನಡದಲ್ಲೇ ಬಂದ್ವು. ಆದ್ರೆ ಅರ್ಧಕ್ಕೆ ನಿಂತು, ವೈಫೈಗೆ ಯಾವುದೋ ಫರ್ಮ್‌ವೇರ್ ಫೈಲು ಬೇಕು, ಪೆನ್‌ಡ್ರೈವಲ್ಲಿ ತಂದ್ಕೊಡು ಅಂತ ಕೇಳ್ತು. ಆ ಫೈಲು ಇರೋದು ಇಂಟರ್ನೆಟ್ಟಲ್ಲಿ. ಇಂಟರ್ನೆಟ್ಟಿಗೆ ಹೋಗೋಕೆ ವೈಫೈ ಬೇಕು. ಬಾವೀಲಿ ಬಿದ್ದ ಕೊಡ ಎತ್ತೋ ಪಾತಾಳಗರಡೀನೂ ಬಾವೀಗೇ ಬಿದ್ದಂಗಾಯ್ತು.

ಹುಡುಗ ಬೆಂಗ್ಳೂರಲ್ಲಿ, ನಾನು ಬೆಳ್ಳಾವೀಲಿ, ಮಧ್ಯೆ ಫೋನು. ಅವನ ಪದ್ಧತಿ ನಂಗೆ ಹಿಡಿಸಿದ್ದು ಯಾಕೆ ಅಂದ್ರೆ, ಆಫ್ ಮಾಡಿ ಆನ್ ಮಾಡು ಅಂತ ಒಂದ್ಸಲಾನೂ ಅನ್ಲಿಲ್ಲ. "ಮೊದ್ಲು ಅದೇನು ಹೇಳ್ತೈತೆ ಕೇಳೋಣ" ಅಂತಾನೆ. ಕಪ್ಪು ಪರದೆ ತೆಗೆಸಿ 'ಡಿಮೆಸೆಜ್' ಅಂತ ಕುಟ್ಟಿಸ್ದ. ಅದು ಮಿಷನ್ನಿನ ದಿನಚರಿ ಇದ್ದಂಗೆ. ಆನ್ ಆದಾಗ್ನಿಂದ ಯಾರು ಎದ್ರು, ಯಾರು ಏಳಲಿಲ್ಲ, ಎಲ್ಲಾ ಬರ್ಕೊಂಡಿರುತ್ತೆ. ಅದ್ರಲ್ಲಿ ವೈಫೈ ಚಿಪ್ಪಿನ ಸಾಲು ಹುಡುಕಿ, ಸಿಗದೇ ಇರೋ ಫೈಲಿನ ಹೆಸ್ರನ್ನ ಒಂದೊಂದೇ ಅಕ್ಷರ ಓದಿ ಹೇಳ್ದೆ. ಆಮೇಲೆ ನನ್ನ ಫೋನನ್ನ ಚಾರ್ಜರ್ ವೈರಿಂದ ಲ್ಯಾಪ್ಟಾಪಿಗೆ ಚುಚ್ಚಿ, ಸೆಟ್ಟಿಂಗಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿದ್ರೆ ಫೋನಿನ ನೆಟ್ಟು ವೈರಲ್ಲೇ ಹರೀತು. ಆ ನೆಟ್ಟಲ್ಲಿ ಫೈಲು ಇಳಿಸಿದ್ವಿ, ವೈಫೈ ಬಂತು. ಎಷ್ಟೊತ್ತು ಅಂತೀರಾ, ಎರಡು ವಿಷಲ್ ಕುಕ್ಕರ್ ಕೂಗೋಷ್ಟೊತ್ತು. ಹುಡುಕಿದ್ದೇ ಒಂದು ಸಾಯಂಕಾಲ.

ಅತ್ತೆ ಹಿಂದೆ ಕೂತು ಅವರೆಕಾಯಿ ಬಿಡಿಸ್ತಾ ಎಲ್ಲಾ ಕೇಳಿಸ್ಕೊಂಡಿದ್ರು. "ಅಷ್ಟು ಸಣ್ಣ ಫೈಲನ್ನ ಮೊದ್ಲೇ ಒಳಗಿಟ್ಟು ಕೊಡೋಕೆ ಏನು ರೋಗ ಅವ್ರಿಗೆ?" ಅಂದ್ರು. ಅದೇ ಪ್ರಶ್ನೆಗೆ ಆ ವರ್ಷ ಡೆಬಿಯನ್ನೋರು ತಿಂಗಳುಗಟ್ಲೆ ಬಡಿದಾಡ್ಕೊಂಡವ್ರೆ!

ಜಗಳ ಏನಪ್ಪಾ ಅಂದ್ರೆ, ವೈಫೈ ಚಿಪ್ಪು ತಾನಾಗೇ ಕೆಲ್ಸ ಮಾಡಲ್ಲ. ಆನ್ ಮಾಡಿದಾಗೆಲ್ಲ ಅದ್ರೊಳಕ್ಕೆ ಒಂದು ಸಣ್ಣ ಪ್ರೋಗ್ರಾಮು ಹೊಯ್ಬೇಕು, ಅದೇ ಫರ್ಮ್‌ವೇರು. ಚಿಪ್ಪು ಮಾಡೋ ಕಂಪನಿಯೋರು ಅದನ್ನ ಕೊಡ್ತಾರೆ, ಹೆಂಗೆ ಮಾಡಿದ್ದು ಅಂತ ಹೇಳಲ್ಲ. ನಮ್ಮೋರಗಿತ್ತಿ ಸಾರಿನಪುಡಿ ಇದ್ದಂಗೆ. ಡಬ್ಬಿ ಕೊಡ್ತಾಳೆ, ಅಳತೆ ಕೇಳಿದ್ರೆ ಮಾತು ಮರೆಸ್ತಾಳೆ. ಡೆಬಿಯನ್ನೋರು 1997ರಲ್ಲಿ ಒಂದು ಒಪ್ಪಂದ ಬರ್ಕೊಂಡವ್ರೆ, ಸಾಮಾಜಿಕ ಒಪ್ಪಂದ ಅಂತಾನೇ ಅದರ ಹೆಸ್ರು. ನಾವು ಕೊಡೋದೆಲ್ಲಾ ಮುಕ್ತವಾಗಿರುತ್ತೆ, ಅಂದ್ರೆ ಪುಡಿ ಜೊತೆ ಅಳತೇನೂ ಕೊಡ್ತೀವಿ, ತಿಂದು, ತಿದ್ದಿ, ಬೇರೇರಿಗೂ ಹಂಚಿ ಅಂತ. ಅಳತೆ ಇಲ್ಲದ ಪುಡಿಗಳನ್ನ ಪಕ್ಕದ ಕೋಣೇಲಿ ಬೇರೆ ಇಟ್ಟಿದ್ರು. ಅವನ್ನೂ ಸೇರಿಸಿದ ಇನ್ನೊಂದು ಇನ್‌ಸ್ಟಾಲರ್ ಇತ್ತು, ಆದ್ರೆ ಅಧಿಕೃತ ಅಲ್ಲ. ಗೊತ್ತಿರೋರು ಹುಡುಕ್ಕೊಂಡು ಹೋಗೋರು. ಅದೇ ಒಪ್ಪಂದದಲ್ಲೇ ಇನ್ನೊಂದು ಮಾತೂ ಐತೆ: ನಮಗೆ ಮುಖ್ಯ ಬಳಸೋ ಜನ ಮತ್ತು ಮುಕ್ತ ಸಾಫ್ಟ್‌ವೇರು ಅಂತ. ಎರಡೂ ಒಂದೇ ಸಾಲಲ್ಲಿ. ಎರಡು ಒಂದಕ್ಕೊಂದು ಅಡ್ಡ ಬಂದಾಗ ಯಾವುದು ಮುಂದೆ ಅನ್ನೋದನ್ನ ಬರ್ದಿಲ್ಲ. ಮನೆಗಳಲ್ಲೂ ಹಂಗೇ ಅಲ್ವಾ, ಮಡೀನೂ ಮುಖ್ಯ, ಬಂದ ನೆಂಟರೂ ಮುಖ್ಯ ಅಂತೀವಿ.

2022ರ ಏಪ್ರಿಲಲ್ಲಿ ಸ್ಟೀವ್ ಮೆಕಿಂಟೈರ್ ಅನ್ನೋರು, ಎಷ್ಟೋ ವರ್ಷದಿಂದ ಈ ಇನ್‌ಸ್ಟಾಲರ್ ಡಿಸ್ಕುಗಳನ್ನ ತಯಾರು ಮಾಡ್ತಿದ್ದೋರು, ಹಿಂಗೆ ಆಗಲ್ಲ, ಏನಾದ್ರೂ ತೀರ್ಮಾನ ಮಾಡ್ಬೇಕು ಅಂತ ಎಲ್ರ ಮುಂದೆ ಇಟ್ರು. ಅವರು ಹೇಳಿದ್ರಲ್ಲಿ ಒಂದು ಮಾತು ನನ್ನ ಮನಸ್ಸಿಗೆ ನಾಟ್ತು. ಕಣ್ಣು ಕಾಣದೋರು ಇನ್‌ಸ್ಟಾಲ್ ಮಾಡೋದು ಮಿಷನ್ನು ಮಾತಾಡೋದನ್ನ ಕೇಳಿಸ್ಕೊಂಡು. ಈಗಿನ ಎಷ್ಟೋ ಲ್ಯಾಪ್ಟಾಪಲ್ಲಿ ಸ್ಪೀಕರಿಗೂ ಇಂಥ ಪುಡಿ ಬೇಕು. ಪುಡಿ ಇಲ್ದಿದ್ರೆ ಸೌಂಡಿಲ್ಲ, ಸೌಂಡಿಲ್ದಿದ್ರೆ ಆ ಪುಡಿ ಬೇಕು ಅನ್ನೋ ಪ್ರಶ್ನೇನೂ ಅವರಿಗೆ ಕೇಳಿಸಲ್ಲ. ವೈಫೈ ಇಲ್ದಿದ್ರೆ ನಾವು ಫೋನು ಚುಚ್ಕೊಂಡ್ವಿ, ಅವ್ರೇನ್ ಮಾಡ್ಬೇಕು?

ಬೇಡ ಅನ್ನೋರ ಮಾತೂ ತೆಗೆದು ಹಾಕೋಂಗಿಲ್ಲ. ಇವತ್ತು ವೈಫೈ ಪುಡಿಗೆ ಬಾಗ್ಲು ತೆಗೆದ್ರೆ ಕಂಪನಿಯೋರು ಅಳತೆ ಕೊಡೋದೇ ನಿಲ್ಲಿಸ್ತಾರೆ, ಇಷ್ಟು ವರ್ಷ ಕಷ್ಟಪಟ್ಟು ಕಾಪಾಡ್ಕೊಂಡು ಬಂದಿದ್ದು ಯಾಕೆ ಅಂತ ಅವ್ರು ಕೇಳಿದ್ರು. ನ್ಯಾಯವಾದ ಮಾತೇ.

ವೋಟ್ ಹಾಕೋ ರೀತಿ ನಮ್ಮ ಸಂಘದಲ್ಲೂ ಬರ್ಬೇಕಿತ್ತು ಅನ್ನಿಸ್ತು. ಬೇಕು ಬೇಡ ಅಂತ ಕೈ ಎತ್ತೋದಲ್ಲ. ಬೇರೆ ಬೇರೆ ಜನ ಬರೆದ ತೀರ್ಮಾನಗಳು ಪಟ್ಟೀಲಿರ್ತವೆ, ಒಂದೊಂದಕ್ಕೂ ನಂಗೆ ಇದು ಮೊದ್ಲು, ಇದಾಗ್ದಿದ್ರೆ ಅದು ಅಂತ ನಂಬರ್ ಕೊಡ್ಬೇಕು. ಕೊನೇಲಿ 'ಇದ್ಯಾವುದೂ ಬೇಡ' ಅನ್ನೋದೂ ಇರುತ್ತೆ, ನಮ್ಮ ನೋಟಾ ಇದ್ದಂಗೆ. ಮೂಲ ಒಪ್ಪಂದವನ್ನೇ ತಿದ್ದೋ ತೀರ್ಮಾನ ಆದ್ರೆ ಆ ನೋಟಾಕ್ಕಿಂತ ಮೂರುಪಟ್ಟು ಜನ ಒಪ್ಪಿರ್ಬೇಕು. 2022ರ ಅಕ್ಟೋಬರ್ ಶುರುವಿಗೆ ತೀರ್ಮಾನ ಆಯ್ತು: ಒಂದೇ ಇನ್‌ಸ್ಟಾಲರ್, ಪುಡಿ ಒಳಗೇ ಇರುತ್ತೆ, ಒಪ್ಪಂದದ 5ನೇ ಕಲಮಿಗೆ ಒಂದು ಮಾತು ಸೇರ್ಸೋದು. ಸೋತೋರ ಮಾತನ್ನೂ ಪೂರ್ತಿ ಬಿಸಾಕಲಿಲ್ಲ. ಯಾವ ಯಾವ ಪುಡಿ ಹಾಕಿದೀವಿ ಅಂತ ಬಳಸೋರಿಗೆ ತೋರಿಸ್ಬೇಕು, ಬೇಡ ಅನ್ನೋರಿಗೆ ಶುರುವಲ್ಲೇ ನಿಲ್ಲಿಸೋ ದಾರಿ ಇಡ್ಬೇಕು ಅಂತ ಅದೇ ತೀರ್ಮಾನದಲ್ಲಿ ಬರ್ಕೊಂಡ್ರು. 2023ರ ಜೂನ್ 10ಕ್ಕೆ ಬಂದ 12ನೇ ಆವೃತ್ತಿ ಬುಕ್‌ವರ್ಮ್ ಅದೇ ತೀರ್ಮಾನದ ಪ್ರಕಾರ ಬಂದಿದ್ದು. ಈಗ ಹೊಸದಾಗಿ ಹಾಕೋರಿಗೆ ನನ್ನ ಥರ ವೈರು ಚುಚ್ಚೋ ಕೆಲ್ಸ ಬಹಳ ಮಟ್ಟಿಗೆ ಇಲ್ಲ. ಮೊದ್ಲೇ ಹಾಕಿರೋರು ಹಳೇದ್ರಿಂದ ಹೊಸದಕ್ಕೆ ಬರುವಾಗ ಮಾತ್ರ ಒಂದು ನೆನಪಿಟ್ಕೋಬೇಕು: ಪುಡಿಗಳಿಗೆ ಬೇರೆ ಕೋಣೆ ಮಾಡವ್ರೆ, ಸಾಮಾನು ತರೋ ಪಟ್ಟೀಲಿ 'ನಾನ್-ಫ್ರೀ-ಫರ್ಮ್‌ವೇರ್' ಅಂತ ಆ ಕೋಣೆ ಹೆಸ್ರನ್ನ ಸೇರಿಸ್ಬೇಕು. ಗೌರಿಹಬ್ಬಕ್ಕೆ ಬಂದಾಗ ಹುಡುಗ ಸೇರಿಸಿ ಕೊಟ್ಟ.

ಅದೇ ಹಬ್ಬದಲ್ಲಿ ಕಡುಬು ತಿಂತಾ ಅವ್ನು ಇದಕ್ಕಿಂತ ದೊಡ್ಡ ಜಗಳದ ಕಥೆ ಹೇಳ್ದ. ಇದು ನಮಗೆ ಚೆನ್ನಾಗಿ ಅರ್ಥ ಆಗುತ್ತೆ. ಮನೇಲಿ ಮೊದ್ಲು ಏಳೋರು ಅಂತ ಒಬ್ರು ಇರ್ತಾರಲ್ಲ, ಬಾಗ್ಲಿಗೆ ನೀರು ಹಾಕಿ, ಒಲೆ ಹಚ್ಚಿ, ಒಬ್ಬೊಬ್ರನ್ನೇ ಎಬ್ಬಿಸೋರು. ಕಂಪ್ಯೂಟ್ರಲ್ಲೂ ಅಂಥ ಒಂದು ಐತೆ. ಆನ್ ಮಾಡಿದಾಗ ಮೊದ್ಲು ಎದ್ದು ಮಿಕ್ಕಿದ್ದನ್ನೆಲ್ಲಾ ಎಬ್ಬಿಸೋದು, ಅದಕ್ಕೆ 1ನೇ ನಂಬರು. ಹಳೇ ಕಾಲದಿಂದ ಆ ಕೆಲ್ಸವನ್ನ ಸಣ್ಣ ಸಣ್ಣ ಚೀಟಿ ಇಟ್ಕೊಂಡು ನಿಧಾನಕ್ಕೆ ಮಾಡ್ತಿದ್ದ ಒಂದು ಪದ್ಧತಿ ಇತ್ತು. ಆಮೇಲೆ ಸಿಸ್ಟಮ್‌ಡಿ ಅಂತ ಹೊಸದು ಬಂತು. ಎಲ್ರನ್ನೂ ಒಟ್ಟಿಗೆ ಎಬ್ಬಿಸುತ್ತೆ, ಬೇಗ ಆಗುತ್ತೆ, ಬಿದ್ದೋರನ್ನ ತಾನೇ ಎತ್ತುತ್ತೆ. ಆದ್ರೆ ಎಬ್ಬಿಸೋದು ಮಾತ್ರ ಮಾಡ್ದೆ ಹಾಲಿನ ಲೆಕ್ಕ, ಬೀಗದ ಕೈ, ನೆಂಟ್ರ ವಿಚಾರಣೆ ಎಲ್ಲಾ ತಾನೇ ತಗೊಳ್ತೈತೆ ಅಂತ ಹಳಬರಿಗೆ ಸಿಟ್ಟು. ಹೊಸ ಸೊಸೆ ಬಂದ್ ಮನೆ ನೋಡಿರೋರಿಗೆ ಇನ್ನೇನು ಹೇಳ್ಬೇಕು!

2014ರ ಫೆಬ್ರವರೀಲಿ ಡೆಬಿಯನ್ನಿನ ತಾಂತ್ರಿಕ ಸಮಿತೀಲಿ 8 ಜನ, ನಾಕು ಆ ಕಡೆ ನಾಕು ಈ ಕಡೆ. ಅಧ್ಯಕ್ಷರ ವೋಟಿಂದ ಸಿಸ್ಟಮ್‌ಡಿ ಬಂತು. ಆ ವರ್ಷ ಪೂರ್ತಿ ಕಾವು ಆರ್ಲಿಲ್ಲ. ಹಳಬರು ಕೆಲವ್ರು ಬೇಜಾರಾಗಿ ಸಮಿತಿ ಬಿಟ್ರು. ನವೆಂಬರಲ್ಲಿ ಒಂದು ಗುಂಪು ಪಾಲು ತಗೊಂಡು ಹೊರಟೇಹೋಯ್ತು, ದೇವುವಾನ್ ಅಂತ ಬೇರೆ ಸಿಸ್ಟಮ್ಮೇ ಕಟ್ಕೊಂಡ್ರು, 2017ರಲ್ಲಿ ಮೊದಲನೇದು ಬಿಟ್ರು. ಇಲ್ಲಿ ಚೆಂದ ಏನು ಅಂದ್ರೆ, ಅವ್ರು ಇವತ್ತಿಗೂ ಮುಕ್ಕಾಲು ಸಾಮಾನನ್ನ ಡೆಬಿಯನ್ನಿಂದಲೇ ತಗೊಳ್ತಾರೆ, ಇವ್ರೂ ಬೇಡ ಅನ್ನಲ್ಲ. ಒಲೆ ಬೇರೆ, ಕಣಜ ಒಂದೇ. ನಮ್ಮ ಕಡೆ ಪಾಲಾದ್ಮೇಲೆ ತೆಂಗಿನ ಮರದ ಗರಿ ಪಕ್ಕದ ಸಾಲಿಗೆ ಬಿದ್ರೂ ಪಂಚಾಯ್ತಿ. ಅವ್ರು ಪಾಲಾಗೋದನ್ನ ನಮಗಿಂತ ಚೆನ್ನಾಗಿ ಕಲ್ತವ್ರೆ.

ನಂಗೆ ಈ ಸಿಸ್ಟಮ್‌ಡಿ ಪರವಾಗಿಲ್ಲ, ಯಾಕಂದ್ರೆ ಅದ್ರಲ್ಲಿ ಒಂದು ತಮಾಷೆ ಐತೆ. 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಅಂತ ಕುಟ್ಟಿದ್ರೆ ಇವತ್ತು ಏಳೋಕೆ ಯಾರು ಎಷ್ಟು ಹೊತ್ತು ಮಾಡಿದ್ರು ಅಂತ ಪಟ್ಟಿ ಕೊಡುತ್ತೆ, ಹೆಚ್ಚು ತಡ ಮಾಡ್ದೋರು ಮೇಲೆ. ಬ್ಲೇಮ್ ಅಂದ್ರೆ ದೂರೋದು ಅಂತಾನೇ! ನಮ್ಮ ಲ್ಯಾಪ್ಟಾಪಲ್ಲಿ ಮೇಲೆ ಇದ್ದದ್ದು ನೆಟ್‌ವರ್ಕ್ ಬರೋ ತನಕ ಬಾಗ್ಲಲ್ಲಿ ಕಾಯೋ ಒಂದು ಕೆಲ್ಸ. ನಮ್ಮನೇಲಿ ಅದನ್ನ ಕಾಯೋ ಅಗತ್ಯ ಇಲ್ಲ ಅಂತ ಹುಡುಗ ನಿಲ್ಲಿಸ್ದ. ಈಗ ಅನ್ನಕ್ಕೆ ಎಸರು ಕಾಯೋಕೆ ಮುಂಚೆ ಪರದೆ ಬರುತ್ತೆ.

ಚಿಕ್ಕಮ್ಮ ಕೇಳಿದ್ದು ಕನ್ನಡದ ವಿಷ್ಯ, ಅದಕ್ಕೆ ಬರ್ತೀನಿ. ನಾನು ಹೊಡೆಯೋ ಕೀಲಿ ಮಣೆ ನುಡೀಲಿ ಇರೋದೇ, ಕೆ. ಪಿ. ರಾವ್ ಅವ್ರು ಹಾಕಿಕೊಟ್ಟ ದಾರೀದು. ಬೆರಳು ಹೊಸದು ಕಲೀಬೇಕಿಲ್ಲ. ಅಕ್ಷರದ ಹೆಸ್ರು ಕೇಳಿದ್ರೆ ನಗ್ತೀರ: ಗುಬ್ಬಿ. ನಮಗೆ ಗುಬ್ಬಿ ಅಂದ್ರೆ ವೀರಣ್ಣನೋರ ನಾಟಕ ಕಂಪನಿ, ಅದಕ್ಕೆ ನಾಟಕ ಬರೆದ ನಮ್ಮೂರಿನ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇದು ಆ ಗುಬ್ಬಿ ಅಲ್ಲ, ಹಾರೋ ಗುಬ್ಬಿ. ಅರವಿಂದ ವಿ. ಕೆ. ಅನ್ನೋ ಕನ್ನಡದ ಹುಡುಗ ಮಾಡಿದ್ದು, ನವಿಲು ಅಂತ ಇನ್ನೊಂದೂ ಮಾಡವ್ರೆ. ಆಗ ಸಿಗ್ತಿದ್ದ ಮುಕ್ತ ಕನ್ನಡ ಅಕ್ಷರಗಳಲ್ಲಿ ಅರ್ಕಾವತ್ತು ಸರಿಯಾಗಿ ಕೂರ್ತಿರ್ಲಿಲ್ಲ. ಅದನ್ನ ಸರಿ ಮಾಡೋಕೆ ಹೊರಟು ಹುಟ್ಟಿದ್ದು ಗುಬ್ಬಿ. ಅರ್ಕಾವತ್ತು ಒಂದು ಕೊಕ್ಕೆ ತಾನೇ ಅನ್ಬೇಡಿ. ನಮ್ಮ ನಡಾವಳಿ ತೆಗೆದು ನೋಡಿ: ನಿರ್ಧಾರ, ತೀರ್ಮಾನ, ಮಾರ್ಚ್, ವರ್ಷ, ಖರ್ಚು. 'ಕಾರ್ಯದರ್ಶಿ' ಅನ್ನೋದ್ರಲ್ಲೇ ಎರಡು. ಕೊಕ್ಕೆ ಜಾರಿದ್ರೆ ಕಾರ್ಯದರ್ಶೀನೇ ಜಾರಿದಂಗೆ.

ಮಗಳಿಗೆ ರ‍್ಯಾಂಕ್ ಬಂತು ಅಂತ ಬರೆಯೋಕೆ ಹೋದ್ರೆ 'ರ್ಯಾಂಕ್' ಅಂತ ಕೊಕ್ಕೆ ಬೀಳುತ್ತಲ್ಲ, ಅದಕ್ಕೂ ಮದ್ದೈತೆ. ರ ಆದ್ಮೇಲೆ ಕಣ್ಣಿಗೆ ಕಾಣದ ಒಂದು ಅಂಟು ಇಟ್ಟು, ಆಮೇಲೆ ಒತ್ತು ಕೊಟ್ಟು ಯ ಹೊಡೆದ್ರೆ ರ ಹಂಗೇ ನಿಂತು ಯ ಕೆಳಗೆ ಬರುತ್ತೆ. ಸೇರಿಸೋ ಅಂಟು ಅಂತ್ಲೇ ಅದರ ಹೆಸ್ರು, ಇಂಗ್ಲೀಷಲ್ಲಿ ಜೀರೋ ವಿಡ್ತ್ ಜಾಯಿನರ್. ಮನೆಗೆ ಬಂದ್ರೆ ತೋರಿಸ್ತೀನಿ, ಬರೆದು ಹೇಳೋದು ಕಷ್ಟ.

ಒಂದು ಮಾತು ಹೇಳ್ಬೇಕು. ಅಲ್ಲಿ ವೋಟ್ ಇರೋದು ಸದಸ್ಯರಿಗೆ, ನಮ್ಮಂಥ ಬಳಸೋರಿಗೆ ಇಲ್ಲ. ಆದ್ರೆ ಇದು ಕೆಟ್ಟೈತೆ ಅಂತ ಯಾರು ಬೇಕಾದ್ರೂ ಮೇಲ್ ಕಳಿಸ್ಬೋದು. ಕಳಿಸಿದ ದೂರಿಗೆ ಒಂದು ನಂಬರ್ ಬೀಳುತ್ತೆ, ಎಲ್ರಿಗೂ ಕಾಣೋಂಗೆ ಇರುತ್ತೆ, ಸರಿ ಮಾಡ್ಲಿ ಬಿಡ್ಲಿ ಹರಿದು ಬಿಸಾಕಲ್ಲ. ನಮ್ಮ ಸಂಘದಲ್ಲಿ ಪುಸ್ತಕದಿಂದ ಲ್ಯಾಪ್ಟಾಪಿಗೆ ಹೋಗೋಣ ಅಂತ ನಾನು ಎದ್ದು ನಿಂತಾಗ ಇದು ನೆನಪಾಯ್ತು. ಓದೋರೆಲ್ಲ ಸರಿ ಅಂದ್ರು. ಹಿಂದಿನ ಸಾಲಲ್ಲಿ ಕೂತಿದ್ದ ಅಜ್ಜಿ, ಅಕ್ಷರ ಬರದೋರು, "ಪುಸ್ತಕದಲ್ಲಿ ನನ್ ಪುಟಕ್ಕೆ ಅರಿಶಿನ ಹತ್ತೈತೆ, ನೋಡ್ತಿದ್ದಂಗೆ ಗೊತ್ತಾಗುತ್ತೆ. ಅದ್ರಲ್ಲಿ ನನ್ ಪುಟ ಯಾವುದವ್ವ?" ಅಂದ್ರು. ಯಾರಿಗೂ ಬಾಯಿ ಬರ್ಲಿಲ್ಲ. 17 ಕೈ ಒಂದು ಕಡೆ ಇತ್ತು, ಲೆಕ್ಕದ ಪ್ರಕಾರ ಗೆದ್ದಂಗೆ. ಆದ್ರೂ ಅವತ್ತು ಬರೆದ ನಡಾವಳಿ ಇದು: ಕೂಡೋದು ಕಳೆಯೋದು ಲ್ಯಾಪ್ಟಾಪಲ್ಲಿ, ಪುಸ್ತಕ ಹಂಗೇ ಇರುತ್ತೆ, ಹೆಬ್ಬೆಟ್ಟು ಪುಸ್ತಕದಲ್ಲೇ. ನಂಗೆ ಕೆಲ್ಸ ಸ್ವಲ್ಪ ಜಾಸ್ತಿ ಆಯ್ತು. ಭಾನುವಾರ ಪೂರ್ತಿ ಹೋಗ್ತಿದ್ದದ್ದು ಈಗ ಕಾಫಿ ಹೊತ್ತಿಗೆ ಮುಗಿಯುತ್ತೆ, ಅಷ್ಟು ಸಾಕು.

ಇನ್ನೊಂದು ಉಳೀತು. ಮಾವನೋರ ಕಾಲದ ಡಬ್ಬ ಕಂಪ್ಯೂಟ್ರು ನಡುಮನೇಲಿ ಐತಲ್ಲ, ಅದಕ್ಕೂ ಡೆಬಿಯನ್ 12 ಹಾಕಿದ್ವಿ, ಓಡುತ್ತೆ. ಆದ್ರೆ ಅದು 32 ಬಿಟ್ಟಿಂದು. 2025ರ ಆಗಸ್ಟ್ 9ಕ್ಕೆ ಬಂದ 13ನೇದು, ಟ್ರಿಕ್ಸಿ, ಅದರಲ್ಲಿ 32 ಬಿಟ್ಟಿನ ಹಳೇ ಪಿಸಿಗಳಿಗೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಅತ್ತೆಗೆ ಹೇಳ್ದೆ. "ಬಡವ್ರ ಮನೆ ಮಿಷನ್ನಿನ ಪರವಾಗಿ ಮಾತಾಡೋರು ಯಾರೂ ಇರ್ಲಿಲ್ವಾ?" ಅಂದ್ರು. ಮಾತಾಡೋರು ಇದ್ರು ಅತ್ತೆ, ಕೂತು ರಿಪೇರಿ ಮಾಡೋ ಕೈ ಸಾಲಲಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾದ್ರೆ ಏನ್ ಮಾಡಕ್ಕಾಗುತ್ತೆ, ಕೆರೆ ತೂಬೂ ಹಂಗೇ ತಾನೇ ಹೋಗಿದ್ದು" ಅಂದ್ರು. ಸದ್ಯಕ್ಕೆ ಅದನ್ನ ನೆಟ್ಟಿಗೆ ಸೇರಿಸ್ದೆ, ಹಳೇ ನಡಾವಳಿ ಓದೋಕೆ ಮಾತ್ರ ಇಟ್ಟಿದೀವಿ.

ನಿಮ್ಮನೆ ಅಟ್ಟದ ಮೇಲೂ ಹಳೇದು ಇದ್ರೆ ಗುಜರಿಯೋನಿಗೆ ಕೊಡೋಕೆ ಮುಂಚೆ ಒಂದ್ಸಲ ಎಷ್ಟು ಬಿಟ್ಟು ಅಂತ ನೋಡಿ. 64 ಇದ್ರೆ ತಗೊಂಡ್ ಬನ್ನಿ, ಪೆನ್‌ಡ್ರೈವ್ ನನ್ನ ಹತ್ರ ಐತೆ. ಕುಣಿಗಲ್ ಕಡೆಯೋರು ಭಾನುವಾರ ಬಂದ್ರೆ ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಸಾರಿನಪುಡಿ ನಂದೇ, ಅಳತೇನೂ ಬರ್ದು ಕೊಡ್ತೀನಿ.